ಸಾಯ್ರಾ ಎಜೆ ಹೇಳದ ಧಾತು

ಆವರ್ತ ಕೋಷ್ಟಕವೆಂದರೆ ನೆಂಟರನ್ನು ಊಟಕ್ಕೆ ಕೂರಿಸುವ ಪಂಕ್ತಿ ಎಂದು ನಮಗೆ ಕಲಿಸಿದವರು ಸಾಯ್ರಾ ಎಜೆ. ಎಜೆ ಎಂದರೆ ಅಕ್ಕ. ನಮ್ಮ ಕಿರ್ಗಿಜ್ ಬೆಟ್ಟದೂರಿನಲ್ಲಿ ಟೀಚರನ್ನೂ ಹಾಗೇ ಕರೆಯುವುದು. "ಬಾಗಿಲ ಹತ್ರ ಕೂತಿರೋ ಈ ಸೋಡಿಯಂ ನೋಡಿ, ನೀರು ಕಂಡ್ರೆ ಸಾಕು ಹಾರಾಡುತ್ತೆ. ಆ ಕಡೆ ತುದೀಲಿ ಹೀಲಿಯಂ, ನಿಯಾನ್. ದೊಡ್ಡಸ್ತಿಕೆ ನೆಂಟರು, ಯಾರ ಜೊತೇನೂ ಬೆರೆಯಲ್ಲ!" ಎನ್ನುತ್ತಿದ್ದರು. ನಾವು ನಗುತ್ತ ನಗುತ್ತಲೇ ಕಲಿತೆವು.

ತೊಡಕು ಒಂದೇ. ಕೋಲು ಇಪ್ಪತ್ತಾರನೆಯ ಮನೆಗೆ ಬಂದರೆ ಎಜೆಯ ಬಾಯಿ ಕಟ್ಟುತ್ತಿತ್ತು. ಅಲ್ಲಿರುವುದು ಕಬ್ಬಿಣ, ನಮ್ಮ ಭಾಷೆಯಲ್ಲಿ ತೆಮಿರ್. ಅವರ ಮಾವನ ಹೆಸರು ತೆಮಿರ್‌ಕುಲ್. ಸೊಸೆಯಾದವಳು ಮಾವನ ಹೆಸರನ್ನಾಗಲಿ ಅದರ ಚೂರನ್ನಾಗಲಿ ನಾಲಗೆಗೆ ತರುವಂತಿಲ್ಲ. ಅದಕ್ಕೇ "ಇಪ್ಪತ್ತಾರು" ಎಂದಷ್ಟೇ ಹೇಳಿ ಮುಂದೆ ಹೋಗುತ್ತಿದ್ದರು. ನಮಗೂ ಅದೇ ಅಂಟಿಕೊಂಡಿತು. ಇಪ್ಪತ್ತಾರರ ಮೊಳೆ, ಇಪ್ಪತ್ತಾರರ ಬಾಣಲೆ! ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದ ಮುದುಕ ತೆಮಿರ್‌ಕುಲ್‌ನನ್ನೂ ಹಿಂದಿನಿಂದ "ಇಪ್ಪತ್ತಾರು ತಾತ" ಎನ್ನುತ್ತಿದ್ದೆವು.

ಪಟ್ಟಣದಿಂದ ಬಂದ ಹೊಸ ಮುಖ್ಯೋಪಾಧ್ಯಾಯ ಜೊಲ್ಚುಬೆಕ್ ಅವರಿಗೆ ಇದು ಹಿಡಿಸಲಿಲ್ಲ. ನಮ್ಮೆದುರೇ ಎಜೆಯನ್ನು ತರಾಟೆಗೆ ತೆಗೆದುಕೊಂಡರು. "ಲೋಹದ ಹೆಸರು ಕೇಳಿದ್ರೆ ಮಕ್ಕಳು ನಂಬರ್ ಬರೀತಾವಲ್ರೀ!"

"ಮೆಂಡಲೀವ್ ಕೂಡ ಕೋಷ್ಟಕದಲ್ಲಿ ಖಾಲಿ ಮನೆ ಬಿಟ್ಟಿದ್ರಲ್ಲ ಸರ್?"

"ಅವರಿಗೆ ಧಾತು ಸಿಕ್ಕಿರ್ಲಿಲ್ಲ, ಬಿಟ್ರು. ನಿಮಗೇನು ಕಷ್ಟ? ಸೋಮವಾರ ನನ್ನೆದುರು ಹೆಸರು ಹೇಳಿ. ಆಗ್ಲಿಲ್ವಾ, ಹೊಲಿಗೆ ಕ್ಲಾಸ್ ತಗೊಳ್ಳಿ."

ಎಜೆಗೆ ರಸಾಯನಶಾಸ್ತ್ರವೆಂದರೆ ಪ್ರಾಣ. ಹೊಲಿಗೆಯಲ್ಲೋ, ಒಂದು ಗುಂಡಿ ನೆಟ್ಟಗೆ ಹಾಕಲು ಬಾರದು.

ಸೋಮವಾರ ಮುಖ್ಯೋಪಾಧ್ಯಾಯರು ಹಿಂದಿನ ಬೆಂಚಿನಲ್ಲಿ ಕೂತರು. ಎಜೆ ಕೋಲನ್ನು ಇಪ್ಪತ್ತಾರರ ಮೇಲಿಟ್ಟರು. ತುಟಿ ಅಲುಗಿತು, ಸ್ವರ ಹೊರಡಲಿಲ್ಲ. ಕಣ್ಣು ತುಂಬಿಕೊಂಡಿತು. ನನಗೆ ಎಜೆಯ ಮೇಲೆ ಸಿಟ್ಟೂ ಬಂತು, ಅಯ್ಯೋ ಪಾಪವೂ ಅನ್ನಿಸಿತು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಬಂದವನು ತೆಮಿರ್‌ಕುಲ್. ಕೆಲಸದ ಚರ್ಮದ ಏಪ್ರನ್ನನ್ನೂ ಬಿಚ್ಚಿರಲಿಲ್ಲ. ಊರಿಗೆಲ್ಲ ಸುದ್ದಿ ಹಬ್ಬಿಸಿದ್ದವರು ನಾವೇ ತಾನೆ.

"ಹೇಳ್ಬಿಡು ಮಗಳೇ. ನಾನೇ ಹೇಳ್ತಿದೀನಲ್ಲ."

ಎಜೆ ತಲೆವಸ್ತ್ರ ಸರಿಪಡಿಸಿಕೊಂಡು ಬಾಗಿದರು. "ನೀವು ಹೇಳಿದ್ರೂ ಆಗಲ್ಲ ಅಪ್ಪಾ."

ಮುದುಕ ಗಡ್ಡ ಕೆರೆದುಕೊಂಡ. "ಸರಿ ಹಾಗಾದ್ರೆ. ಆ ಹೆಸರು ನಂಗೆ ಬೇಡ, ಶಾಲೆಗೆ ಕೊಟ್ಟೆ. ಇನ್ಮೇಲೆ ನಾನು ಇಪ್ಪತ್ತಾರು. ಈ ಕಪಿಗಳು ಹೇಗೂ ಹಾಗೇ ಕರೀತಾವೆ, ನಂಗೇನು ಕೇಳ್ಸಲ್ವಾ? ಏನ್ ಮೇಷ್ಟ್ರೇ, ಸಾಕೋ?"

ಅವನು ಅಂಗಳ ದಾಟುವವರೆಗೂ ಎಜೆ ಕಾದರು. ಆಮೇಲೆ ಮೆಲ್ಲಗೆ, "ತೆಮಿರ್" ಎಂದರು. ನಾವು ಬೆಂಚು ಬಡಿದು ಕೂಗಾಡಿದೆವು.

ಮುದುಕ ಆಡಿದ ಮಾತಿಗೆ ತಪ್ಪಲಿಲ್ಲ. ಕುರಿ ಕೊಯ್ದು ಊರಿಗೆಲ್ಲ ಊಟ ಹಾಕಿ ಹೊಸ ಹೆಸರು ಸಾರಿದ. ಯಾರಾದರೂ ಹಳೆಯ ಹೆಸರು ಹಿಡಿದು ಕರೆದರೆ, "ಅವನಾ? ಶಾಲೇಲಿದಾನೆ, ಅಲ್ಲಿ ಹೋಗಿ ಕೇಳು" ಎನ್ನುತ್ತಿದ್ದ.

ಈಗ ನಾನೂ ಅದೇ ಶಾಲೆಯಲ್ಲಿ ಭೂಗೋಳ ಕಲಿಸುತ್ತೇನೆ. ಹೋದ ಚಳಿಗಾಲದಲ್ಲಿ ಮುದುಕ ತೀರಿಕೊಂಡ. ಗೋರಿಕಲ್ಲಿನ ಮೇಲೆ ತಾಯಿ ಇಟ್ಟ ಹೆಸರೇ ಇರಬೇಕೆಂದು ಹಿರಿಯರು ತೆಮಿರ್‌ಕುಲ್ ಎಂದೇ ಕೆತ್ತಿಸಿದರು. ಎಜೆ ಬಹಳ ಹೊತ್ತು ಆ ಕಲ್ಲಿನ ಮುಂದೆ ನಿಂತಿದ್ದರು.

ವಾರ ಕಳೆದು ಎಜೆ ಶಾಲೆಗೆ ಬಂದರು. ಅವರ ತರಗತಿಯ ಹೊರಗೆ ನಾನೂ ಜೊಲ್ಚುಬೆಕ್ ಅವರೂ ಮಾತಾಡುತ್ತ ನಿಂತಿದ್ದೆವು. ಒಳಗಿನಿಂದ ಎಜೆಯ ದನಿ ಕೇಳಿಸಿತು. "ಇಪ್ಪತ್ತೈದು, ಮ್ಯಾಂಗನೀಸ್." ಆಮೇಲೆ, "ಇಪ್ಪತ್ತಾರು. ಇಪ್ಪತ್ತೇಳು, ಕೋಬಾಲ್ಟ್."

ಮುಖ್ಯೋಪಾಧ್ಯಾಯರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ತಾತನಿಗೆ ಹೆಸರು ವಾಪಸ್ ಕೊಟ್ಬಿಟ್ರಲ್ಲಪ್ಪಾ ಎಜೆ," ಎಂದರು. "ಇನ್ನು ಹೊಲಿಗೆ ಮಾತೆತ್ತಲ್ಲ ನಾನು."