ಕಡುಹಸಿರು ಹುಲ್ಲು, ಏಳಲಾರದ ಕರು

ಈ ಪಾಠಕ್ಕೆ ತೆತ್ತದ್ದು ನಂಜಮ್ಮನವರ ಒಂದು ಕರು, ನನ್ನ ಎರಡು ಕೊಯ್ಲು ಹುಲ್ಲು, ಮತ್ತು ಒಂದು ಚೀಲ ಗುಜರಿಗೆ ಕೊಟ್ಟ ನಲವತ್ತು ರೂಪಾಯಿ. ಕಾರಣ ಇಷ್ಟೇ: ಹುಲ್ಲು ಹಸಿರಾದಷ್ಟೂ ಒಳ್ಳೆಯದೆಂದು ನಾನೂ ನಂಬಿದ್ದೆ, ಗಿರಾಕಿಗಳನ್ನೂ ನಂಬಿಸಿದ್ದೆ.

ಎಂಬತ್ತರ ದಶಕದ ಆರಂಭ. ಗೋಣಿಚೀಲ ಮಾರಿ ಉಳಿಸಿದ ಹಣದಲ್ಲಿ ಬಾಗಲಗುಂಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದೆ. ಜೊತೆಗೆ ಎರಡು ಎಕರೆ ಗುತ್ತಿಗೆ ಹಿಡಿದು ನೇಪಿಯರ್ ಹುಲ್ಲು ಬೆಳೆಯುತ್ತಿದ್ದೆ. ಪೀಣ್ಯದ ಕಾರ್ಖಾನೆಗಳು ಹಬ್ಬಿದಂತೆ ದನ ಮೇಯುವ ಜಾಗ ಕರಗಿ, ಹಸು ಕಟ್ಟಿದವರೆಲ್ಲ ಹೊರೆ ಲೆಕ್ಕದಲ್ಲಿ ಹುಲ್ಲು ಕೊಳ್ಳುತ್ತಿದ್ದರು. ಅವರು ನೋಡುತ್ತಿದ್ದುದು ಬಣ್ಣ. ಅದಕ್ಕೇ ನಾನು ಪ್ರತಿ ಕೊಯ್ಲಿನ ಮೇಲೂ ಅಮೋನಿಯಂ ಸಲ್ಫೇಟ್ ಕೈ ಬಿಚ್ಚಿ ಎರಚುತ್ತಿದ್ದೆ. ಹುಲ್ಲು ಕಪ್ಪಿಡುವಷ್ಟು ಹಸಿರಾಗುತ್ತಿತ್ತು. ಎಂಟಾಣೆ ಹೆಚ್ಚು ಕೇಳಿದರೂ ಯಾರೂ ಚೌಕಾಸಿ ಮಾಡುತ್ತಿರಲಿಲ್ಲ.

ರಾಜಗೋಪಾಲನಗರದ ಹಳೆಯ ರೈತ ಮನೆಯ ನಂಜಮ್ಮನವರಿಗೆ ಎರಡೇ ಸೀಮೆಹಸು. ಕಾರ್ಮಿಕರ ಮನೆಗಳಿಗೆ ಹಾಲು ಹಾಕಿ ಸಂಸಾರ ನಡೆಸುತ್ತಿದ್ದ ಅವರು ಕೊಳ್ಳುತ್ತಿದ್ದುದು ನನ್ನ ಹುಲ್ಲು ಮಾತ್ರ. ಮೊದಲ ಹಸುವಿನ ಕರು ಹುಟ್ಟಿದ ನಾಲ್ಕನೇ ದಿನ ಏಳಲಾರದೆ ಸತ್ತಿತು. ಕೆಲವೇ ದಿನಗಳಲ್ಲಿ ಎರಡನೇ ಹಸು ಹೆಣ್ಣು ಕರು ಹಾಕಿತು. ಅದೂ ಕಾಲು ಸೆಟೆದು ಮಲಗಿದಾಗ ನಂಜಮ್ಮ ನೇರ ಅಂಗಡಿಗೆ ಬಂದರು.

“ಲೋ ಕೃಷ್ಣಪ್ಪ, ಏನ್ ಉಲ್ಲೋ ನಿಂದು? ನೋಡಕ್ಕೆ ಮದ್ವೆ ಸೀರೆ ಇದ್ದಂಗೈತೆ, ಕರ ಮಾತ್ರ ಏಳಲ್ಲ!”

“ಹುಲ್ಲಿಗ್ಯಾಕಕ್ಕ ಬೈತೀಯ? ಮೂರು ದಿನದ ಕರು ಹುಲ್ಲು ತಿನ್ನತ್ತಾ?”

“ಅದ್ರವ್ವ ತಿಂದಿಲ್ವೇನೋ?”

ಅಂಗಡಿ ಬಾಗಿಲು ಎಳೆದು ಅವರ ಕೊಟ್ಟಿಗೆಗೆ ಪಶುವೈದ್ಯೆಯನ್ನು ಕರೆತಂದೆ. ಅವರು ಕರುವಿನ ತೊಡೆ ಅಮುಕಿ ನೋಡಿದರು. ಆಮೇಲೆ ಕರುವಿಗಿಂತ ನನ್ನನ್ನೇ ಹೆಚ್ಚು ವಿಚಾರಿಸಿದರು. ಸೆಲೆನಿಯಂ ಸಾಲದೆ ಸ್ನಾಯು ಸೋತಿರಬೇಕೆಂದು ಅವರ ಅನುಮಾನ. ಸೆಲೆನಿಯಂ ಎಂದರೆ ಮಣ್ಣಿನಿಂದ ಮೇವಿಗೆ, ಮೇವಿನಿಂದ ದನಕ್ಕೆ ಅತಿ ಸ್ವಲ್ಪ ಸಿಗುವ ಪೋಷಕಾಂಶ. ಅದೂ ಗಂಧಕವೂ ಬೇರಿನೊಳಗೆ ಹೋಗುವುದು ಒಂದೇ ಬಾಗಿಲಲ್ಲಿ. ಸಲ್ಫೇಟ್ ಗೊಬ್ಬರ ಸುರಿದರೆ ಅದರ ಗಂಧಕ ನುಗ್ಗಿ ಸೆಲೆನಿಯಂ ಹೊರಗುಳಿಯುತ್ತದೆ. ನಮ್ಮ ಹುಳಿ ಕೆಂಪು ಮಣ್ಣು ಮೊದಲೇ ಸೆಲೆನಿಯಂ ಅನ್ನು ಬೇರಿಗೆ ಬಿಡದೆ ಹಿಡಿದಿಡುತ್ತದೆ; ಈ ಗೊಬ್ಬರ ಹುಳಿಯನ್ನು ಇನ್ನಷ್ಟು ಏರಿಸುತ್ತದೆ. ಸರಸರನೆ ಬೆಳೆದ ಹುಲ್ಲಿನಲ್ಲಿ ಒಳಹೊಕ್ಕ ಚೂರೂ ತೆಳುವಾಗುತ್ತದೆ.

ಅವರು ಔಷಧಿ ತರಿಸಲು ಹೊರಟರು. ನನಗೋ ಸೆಲೆನಿಯಂ ಎಂದ ಕೂಡಲೇ ಪೀಣ್ಯ ನೆನಪಾಯಿತು. ಲೋಹಕ್ಕೆ ಗಿಲೀಟು ಹಾಕುವ ಪ್ಲೇಟಿಂಗ್ ಶೆಡ್ಡುಗಳಲ್ಲಿ ಎಸಿ ಕರೆಂಟನ್ನು ಡಿಸಿ ಮಾಡುವ ರೆಕ್ಟಿಫೈಯರ್ ಯಂತ್ರದಲ್ಲಿ ಸೆಲೆನಿಯಂ ಲೇಪಿಸಿದ ತಟ್ಟೆಗಳಿರುತ್ತವೆಂದು ಗೊತ್ತಿತ್ತು. ಗುಜರಿಯವನು ಅರವತ್ತು ರೂಪಾಯಿ ಹೇಳಿದ ಸುಟ್ಟ ತಟ್ಟೆಗಳ ಚೀಲವನ್ನು ನಲವತ್ತಕ್ಕೆ ಇಳಿಸಿ, ಪುಡಿಮಾಡಿ ಹೊಲಕ್ಕೆ ಎರಚೋಣವೆಂದು ತಂದೆ. ಮರುದಿನ ಔಷಧಿಯೊಂದಿಗೆ ಕೊಟ್ಟಿಗೆಗೆ ಬಂದ ಡಾಕ್ಟರ್ ನನ್ನ ಕೈಲಿದ್ದ ಆ ಚೀಲ ನೋಡಿದರು.

“ಏನ್ರೀ ಇದು?”

“ಸೆಲೆನಿಯಂ, ಮೇಡಂ. ಅಗ್ಗಕ್ಕೆ ಸಿಕ್ತು.”

“ಇದನ್ನ ಹೊಲಕ್ಕೆ ಹಾಕಿದ್ರೆ ಹಸುನೂ ಉಳಿಯಲ್ಲ ಕಣ್ರೀ! ಕಡಿಮೆಯಾದ್ರೆ ರೋಗ, ಸ್ವಲ್ಪ ಹೆಚ್ಚಾದ್ರೆ ವಿಷ. ಇದ್ರಲ್ಲಿ ಇನ್ನೇನೇನು ಲೋಹ ಇದೆಯೋ!”

ನಂಜಮ್ಮ ತಲೆ ಚಚ್ಚಿಕೊಂಡರು. “ಒಂದಿನ ಯಾಪಾರ ಮಾಡ್ದೆ ಇರಕ್ಕಾಗಲ್ವೇನೋ ನಿಂಗೆ?”

ಚೀಲವನ್ನು ಹಿಂದಿರುಗಿಸಿದೆ; ಹಣ ಹಿಂದಿರುಗಲಿಲ್ಲ. ಡಾಕ್ಟರ್ ಅಳತೆ ಮಾಡಿ ಸೆಲೆನಿಯಂ ಮತ್ತು ವಿಟಮಿನ್ ಇ ಇಂಜೆಕ್ಷನ್ ಕೊಟ್ಟರು. ನಂಜಮ್ಮ ಹಾಲು ಕರೆದು ಕರುವಿಗೆ ಬಾಟಲಿಯಲ್ಲಿ ಕುಡಿಸಿದರು. ಮೂರನೇ ದಿನ ಕರು ಮಂಡಿಯೂರಿತು, ಬಿತ್ತು, ಮತ್ತೆ ಎದ್ದು ಕಾಲು ಅಗಲಿಸಿ ನಿಂತು ಕೆಚ್ಚಲಿಗೆ ಗುದ್ದಿತು. ನಂಜಮ್ಮ ಮೊದಲ ಸಲ ನನಗೆ ಕಾಫಿ ಕೊಟ್ಟರು.

ಹೊಲದಲ್ಲಿದ್ದ ಹುಲ್ಲನ್ನು ಎರಡು ಕೊಯ್ಲಿನವರೆಗೆ ಮಾರದೆ ಗೊಬ್ಬರದ ಗುಂಡಿಗೆ ಹಾಕಿದೆ. ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಕೊಟ್ಟೆ. ಸಲ್ಫೇಟ್ ಬಿಟ್ಟು ಕೊಟ್ಟಿಗೆ ಗೊಬ್ಬರ, ಸ್ವಲ್ಪವೇ ಯೂರಿಯಾಕ್ಕೆ ಬಂದೆ. ತಪ್ಪೆಲ್ಲ ಗೊಬ್ಬರದ್ದೇ ಎಂದು ಸಾಬೀತಾಗಿಲ್ಲ. ಹುಲ್ಲಿನಲ್ಲಿ ಸೆಲೆನಿಯಂ ಅಳೆಯುವ ಅನುಕೂಲ ನಮಗಿರಲಿಲ್ಲ. ಆದರೆ ಮುಂದೆ ಆ ಕೊಟ್ಟಿಗೆಯ ಕರುಗಳು ತಾವಾಗಿಯೇ ಎದ್ದು ನಿಂತವು.

ಹಸು ಸಾಕುವವರಿಗೆ ನನ್ನ ಮಾತು: ಗಬ್ಬದ ಹಸುವಿಗೆ ಒಂದೇ ಹೊಲದ ಮೇವು ಹಾಕಬೇಡಿ, ರಾಗಿ ಹುಲ್ಲು, ಹಿಂಡಿ, ಬೇರೆ ಕಡೆಯ ಹಸಿರು ಬೆರೆಸಿ. ಖನಿಜ ಮಿಶ್ರಣವನ್ನು ವೈದ್ಯರು ಹೇಳಿದಷ್ಟೇ ಕೊಡಿ. ಮೇವು ಕೊಳ್ಳುವಾಗ ದರಕ್ಕೆ ಮೊದಲು, ಹೊಲಕ್ಕೆ ಏನು ಹಾಕಿದ್ದೀರಿ ಎಂದು ಕೇಳಿ. ಮಾರುವವನು ತಡವರಿಸಿದರೆ ಪಕ್ಕದ ಹೊಲಕ್ಕೆ ನಡೆಯಿರಿ.