ಗುಂಡು ಎರೆಯುತ್ತಿದ್ದ ಉಸ್ತಾದರು

ಅವರ ಬಲಗೈ ಹೆಬ್ಬೆರಳಿನ ಉಗುರು ಉಳಿದ ಒಂಬತ್ತು ಉಗುರುಗಳಂತಿರಲಿಲ್ಲ. ದಪ್ಪಗೆ, ಸ್ವಲ್ಪ ಉದ್ದಕ್ಕೆ ಬೆಳೆದು, ಅಂಚಿನಲ್ಲಿ ಬೂದುಬಣ್ಣಕ್ಕೆ ತಿರುಗಿತ್ತು. ಅಚ್ಚಿನಿಂದ ಹೊರಬಂದ ಗುಂಡು ಆರಿದ ಮೇಲೆ ಅದರ ಬುಡಕ್ಕೆ ಆ ಉಗುರನ್ನು ಒತ್ತಿ ಗೀರುತ್ತಿದ್ದರು. ಗೀರು ಬಿದ್ದರೆ ಸೀಸ ಮೆತ್ತಗೆ, ಉಗುರು ಜಾರಿದರೆ ಗಟ್ಟಿ. ಗಡಸುತನ ಅಳೆಯುವ ಉಪಕರಣ ಮೇಜಿನ ಮೇಲೆಯೇ ಇತ್ತು. ಆದರೂ ಮೊದಲು ಉಗುರಿನ ತೀರ್ಪು ಹೇಳಿ, ಆಮೇಲೆ ಗುಂಡನ್ನು ಉಪಕರಣಕ್ಕೆ ಕೊಡುತ್ತಿದ್ದರು. ಎರಡೂ ಹೊಂದಿದರೆ ನನ್ನ ಕಡೆ ತಿರುಗಿ, "ಬರ್ಕೊಳ್ಳಿ ಪೊರ್ಬುಗಳೇ" ಅನ್ನುವರು. ಹೊಂದದಿದ್ದರೆ ಉಗುರನ್ನು ದಿಟ್ಟಿಸಿ, "ಇದಕ್ಕೂ ಪ್ರಾಯ ಆಯ್ತು" ಎಂದು ನಗುವರು.

ನಮ್ಮ ಕಡೆ ಕ್ರೈಸ್ತ ಗಂಡಸರನ್ನು ಪೊರ್ಬುಗಳೆಂದು ಕರೆಯುವ ರೂಢಿ ಉಂಟು. ನಾನು ಉಡುಪಿ ಕಡೆಯವನು, ಮನೆಯಲ್ಲಿ ಕೊಂಕಣಿ. ಅವರು ಪುತ್ತೂರಿನ ಆಚೆಯ ಬ್ಯಾರಿ ಮುಸ್ಲಿಮರು. ಕತಾರಿನ ಅಲ್ ರಯ್ಯಾನಿನ ಹೊರಭಾಗದಲ್ಲಿ, ಬೇಟೆಯ ಕೋವಿಗಳನ್ನು ರಿಪೇರಿ ಮಾಡುವ ಒಂದು ಪರವಾನಗಿ ಪಡೆದ ವರ್ಕ್‌ಶಾಪಿನಲ್ಲಿ ನಾವಿಬ್ಬರೂ ಇದ್ದೆವು. ಮಾಲೀಕರಾದ ಕತಾರಿ ಹಿರಿಯರನ್ನು ಎಲ್ಲರೂ ಅರ್ಬಾಬ್ ಎನ್ನುತ್ತಿದ್ದರು. ನಮ್ಮ ಈ ಬ್ಯಾರಿಗಳನ್ನು ಅರ್ಬಾಬ್ ಸಹಿತ ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. "ಊರಲ್ಲಿ ಉಸ್ತಾದ್ ಅಂದ್ರೆ ಮದರಸದಲ್ಲಿ ಓದಿಸುವವರು. ಇಲ್ಲಿ ನೋಡಿ, ನನ್ನಂಥವನನ್ನೂ ಕರೀತಾರೆ" ಎಂದು ಅವರು ಮುಜುಗರಪಡುತ್ತಿದ್ದರು. ನಾನು ಆಫೀಸಿನ ಕ್ಲಾರ್ಕ್. ಯಾವ ಕೋವಿ ಬಂತು, ಯಾವುದು ಹೋಯಿತು, ಯಾವ ಪರೀಕ್ಷೆಯಲ್ಲಿ ಏನಾಯಿತು ಎಂದು ಬರೆದಿಡುವುದು ನನ್ನ ಕೆಲಸ. ಆ ಪುಸ್ತಕದಲ್ಲಿ ಬರೆದು ಸಹಿ ಹಾಕದೆ, ಗುಂಡು ಮದ್ದು ಸೇರಿಸಿ ಕಟ್ಟಿದ ಒಂದು ತೋಟೆಯೂ ಗೇಟು ದಾಟುವಂತಿರಲಿಲ್ಲ.

ಅವರ ತಂದೆ ಊರಲ್ಲಿ ಪರವಾನಗಿ ಕೋವಿಗಳನ್ನು ದುರಸ್ತಿ ಮಾಡುತ್ತಿದ್ದವರು. ವಿದ್ಯೆ ಅಲ್ಲಿಂದಲೇ ಬಂದದ್ದು. ಆದರೆ ಉಸ್ತಾದರು ಊರಲ್ಲಿ ಯಾರಿಗೂ, ಮನೆಯವರಿಗೂ, ತಮ್ಮ ಕೆಲಸ ಏನೆಂದು ಹೇಳಿರಲಿಲ್ಲ. "ಮೆಶಿನ್ ಶಾಪ್" ಎಂದಷ್ಟೇ ಹೇಳಿದ್ದರು. ನಾನೊಮ್ಮೆ ಕಾರಣ ಕೇಳಿದೆ. ಕೈಯಲ್ಲಿದ್ದ ಅಚ್ಚನ್ನು ಕೆಳಗಿಟ್ಟು ಅವರು ಹೇಳಿದರು: "ನನ್ನ ಹೆಸರಿನವ ಗಲ್ಫಲ್ಲಿ ಗುಂಡು ಮಾಡ್ತಾನೆ ಅಂದ್ರೆ ಊರಲ್ಲಿ ಯಾರು ಪೂರ್ತಿ ಕೇಳ್ತಾರೆ ಪೊರ್ಬುಗಳೇ? ಅರ್ಧ ಕೇಳಿಯೇ ಓಡ್ತಾರೆ. ಮದುವೆ ಆಗ್ಬೇಕಾದ ಮಗಳಿದ್ದಾಳೆ." ಆಮೇಲೆ ಆ ಮಾತನ್ನು ನಾನು ಎತ್ತಲಿಲ್ಲ.

ಒಂದು ಬೇಸಿಗೆಯಲ್ಲಿ ಅರ್ಬಾಬ್ ತಮ್ಮ ತಂದೆಯ ಕಾಲದ ರೈಫಲೊಂದನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ತಂದರು. ಗುಂಡು ಹಾರಿಸಲು ಬೆರಳಿನಿಂದ ಎಳೆಯುವ ಕುದುರೆಯ ಸುತ್ತಲಿನ ಕಬ್ಬಿಣದ ಬಳೆಯನ್ನು ಕೆಳಗೆ ತಳ್ಳಿ ಮೇಲಕ್ಕೆಳೆದರೆ ಮುಂದಿನ ತೋಟೆ ತಾನಾಗಿ ಏರುವ ಲಿವರ್ ಕೋವಿ ಅದು. ನಳಿಗೆಯ ಅಡಿಯಲ್ಲಿ ಇನ್ನೊಂದು ಸಣ್ಣ ಕೊಳವೆ; ತೋಟೆಗಳು ಅದರೊಳಗೆ ಒಂದರ ಹಿಂದೊಂದು ಮಲಗಿರುತ್ತವೆ. ಅದಕ್ಕೆ ಹೊಂದುವ ತೋಟೆಗಳನ್ನು ಯಾವ ಕಂಪನಿಯೂ ಈಗ ಮಾಡುತ್ತಿರಲಿಲ್ಲ. ಈದ್ ಕಳೆದ ಮೇಲೆ ಅರ್ಬಾಬ್ ತಮ್ಮ ಮಗನೊಂದಿಗೆ ಆಫ್ರಿಕಾಕ್ಕೆ ಪರವಾನಗಿಯ ಬೇಟೆಗೆ ಹೋಗುವವರಿದ್ದರು. ತಂದೆಯ ಕೋವಿಯಿಂದ ಒಂದು ಸಲವಾದರೂ ಬೇಟೆಯಾಡಬೇಕೆಂಬುದು ಅವರ ಆಸೆ. ಹೃದಯದ ಕಾಯಿಲೆಯ ಮನುಷ್ಯ. ಮುಂದಿನ ವರ್ಷ ಹೋಗಲಾದೀತೆಂಬ ಧೈರ್ಯ ಅವರಿಗಿರಲಿಲ್ಲ.

"ಗುಂಡು ನೀನೇ ಎರೆ ಉಸ್ತಾದ್" ಎಂದರು.

"ನೋಡುವ" ಎಂದರು ಉಸ್ತಾದರು. ಆಗುತ್ತದೆ ಎಂದು ಅವರು ಯಾವತ್ತೂ ಮೊದಲೇ ಹೇಳಿದವರಲ್ಲ.

ಮೊದಲ ತಿಂಗಳು ಸೋಲೇ ಸೋಲು. ಅಳತೆಯ ಪುಸ್ತಕದಲ್ಲಿ ಬರೆದಷ್ಟೇ ದಪ್ಪಕ್ಕೆ ಗುಂಡು ಎರೆದರೂ ಅದು ನೆಟ್ಟಗೆ ಹಾರಲಿಲ್ಲ. ಗುರಿಯ ಕಾಗದದಲ್ಲಿ ದುಂಡಗಿನ ತೂತು ಬೀಳುವ ಬದಲು, ಗುಂಡು ಮಗುಚಿ ಅಡ್ಡಕ್ಕೆ ಹೊಡೆದ ಉದ್ದನೆಯ ಸೀಳು ಬೀಳುತ್ತಿತ್ತು. ನಳಿಗೆಯೊಳಗೆ ಸೀಸ ಮೆತ್ತಿಕೊಳ್ಳುತ್ತಿತ್ತು. ಅದನ್ನು ಉಜ್ಜಿ ತೆಗೆಯಲು ಅರ್ಧ ದಿನ. ಅರ್ಬಾಬರ ಮಗ ವಾರಕ್ಕೆರಡು ಸಲ ಬಂದು, "ಯಲ್ಲಾ ಉಸ್ತಾದ್, ಬೇಗ, ಇನ್ನೂ ಎಷ್ಟು ದಿನ?" ಎಂದು ಕೇಳುತ್ತಿದ್ದ. ನಾನು ಬುದ್ಧಿವಂತನಂತೆ, ಸೀಸಕ್ಕೆ ಬೆರೆಸುವ ತವರ ಜಾಸ್ತಿ ಮಾಡಿ, ಮದ್ದನ್ನೂ ಕಡಿಮೆ ಮಾಡಿ ನೋಡಬಾರದೇ ಎಂದೆ.

"ಒಂದು ಸಲಕ್ಕೆ ಒಂದೇ ಬದಲು" ಎಂದರು ಅವರು. "ಎರಡು ಒಟ್ಟಿಗೆ ಬದಲಾಯಿಸಿದ್ರೆ ಯಾರು ತಪ್ಪು ಮಾಡಿದ್ದು, ಯಾರು ಸರಿ ಮಾಡಿದ್ದು ಅಂತ ಹೇಗೆ ಗೊತ್ತಾಗುದು?"

ಪ್ರತಿ ಸೋಲನ್ನೂ ನನ್ನಿಂದ ಬರೆಸಿದರು. ಸೀಳಿದ ಕಾಗದಗಳನ್ನು ಪುಸ್ತಕಕ್ಕೆ ಅಂಟಿಸಿದರು. ಕೊನೆಗೆ ಒಂದು ದಿನ ಮೆತ್ತನೆಯ ಸೀಸದ ತುಂಡೊಂದನ್ನು ನಳಿಗೆಯ ಈ ತುದಿಯಿಂದ ಆ ತುದಿಗೆ ಕೋಲಿನಿಂದ ತಳ್ಳಿ, ಹೊರಬಂದದ್ದನ್ನು ಅಳೆದರು. ನಳಿಗೆಯೇ ಪುಸ್ತಕದ ಅಳತೆಗಿಂತ ಕೂದಲೆಳೆಯಷ್ಟು ಅಗಲವಿತ್ತು. ನಮ್ಮ ಗುಂಡು ಅದರೊಳಗೆ ಸಡಿಲವಾಗಿ ಓಡುತ್ತಿತ್ತು. ಬಿಸಿ ಹೊಗೆ ಪಕ್ಕದಿಂದ ನುಗ್ಗಿ ಸೀಸವನ್ನು ಕರಗಿಸುತ್ತಿತ್ತು. "ನಾವು ಪುಸ್ತಕವನ್ನು ಕೇಳಿದ್ದು, ಕೋವಿಯನ್ನು ಕೇಳ್ಲಿಲ್ಲ" ಎಂದು ತಲೆಯಾಡಿಸಿದರು. ಹೊಸ ಅಚ್ಚಿಗೆ ಹೇಳಿ ಕಳಿಸಿದೆವು.

ಆ ಕಾಯುವ ದಿನಗಳಲ್ಲೇ ನಾನು ಅವರನ್ನು ಸುಟ್ಟೆ.

ಅಭ್ಯಾಸದ ಮೈದಾನದಿಂದ ಹೆಕ್ಕಿ ತಂದ ಹಳೆಯ ಸೀಸವನ್ನು ತೊಳೆದು ಬುಟ್ಟಿಯಲ್ಲಿ ಇಟ್ಟಿದ್ದರು. ಪಾತ್ರೆಯಲ್ಲಿ ಸೀಸ ಕರಗಿ ಕನ್ನಡಿಯಂತೆ ಹೊಳೆಯುತ್ತಿತ್ತು. ಸಹಾಯ ಮಾಡುವ ಹುಮ್ಮಸ್ಸಿನಲ್ಲಿ ನಾನು ಬುಟ್ಟಿಯಿಂದ ಒಂದು ಹಿಡಿ ತೆಗೆದು ಪಾತ್ರೆಗೆ ಸುರಿಯಲು ಬಗ್ಗಿದೆ. ಅದು ಇನ್ನೂ ಒಣಗಿರಲಿಲ್ಲ. "ಬೇಡ!" ಎಂಬ ಕೂಗು ಕೇಳಿದ್ದು, ಕಾಲರ್ ಹಿಡಿದು ಎಳೆದದ್ದು, ಹಿಡಿಯಲ್ಲಿದ್ದದ್ದು ಪಾತ್ರೆಗೆ ಜಾರಿದ್ದು, ನಾನು ಹಿಂದಕ್ಕೆ ಬಿದ್ದದ್ದು ಎಲ್ಲ ಒಂದೇ ಕ್ಷಣ. ಕಾದ ಸೀಸದ ಅಡಿಗೆ ಸಿಕ್ಕಿದ ನೀರು ಹಬೆಯಾಗಿ ಸ್ಫೋಟಿಸಿತು. ಸೀಸ ಛಾವಣಿಗೆ ಸಿಡಿಯಿತು. ನನ್ನ ಮುಖ ಇದ್ದ ಜಾಗದಲ್ಲಿ ಅವರ ಕೈಯಿತ್ತು.

ಕ್ಲಿನಿಕ್‌ನಲ್ಲಿ ಅವರ ಮುಂಗೈಯಿಂದ ಸೀಸದ ಹನಿಗಳನ್ನು ಒಂದೊಂದಾಗಿ ಬಿಡಿಸುವಾಗ ನಾನು ಪಕ್ಕದಲ್ಲಿ ಕುಳಿತಿದ್ದೆ. ಅವರು ನನಗೆ ಬಯ್ಯಲಿಲ್ಲ. ಮರುದಿನ ಅಪಘಾತದ ವರದಿಯಲ್ಲಿ ನಾನು "ತಾಂತ್ರಿಕ ಕಾರಣ" ಎಂದು ಬರೆದು ಅವರ ಸಹಿಗೆ ಹಿಡಿದೆ. ಬ್ಯಾಂಡೇಜಿನ ಕೈಯಿಂದ ಕಾಗದವನ್ನು ವಾಪಸು ತಳ್ಳಿದರು.

"ಒದ್ದೆ ಸೀಸ ಹಾಕಿದ್ದು ಅಂತ ಬರೀರಿ. ಹಾಕಿದವರ ಹೆಸರು ಬೇಡ."

"ಉಸ್ತಾದ್, ಕೇಳಿದರೆ ನನ್ನ ಕೆಲಸ..."

"ಕೇಳಿದ್ರೆ ನಾನು ಮಾತಾಡ್ತೇನೆ. ನಾಳೆ ಇದನ್ನು ಓದುವವನಿಗೆ ನಿಮ್ಮ ಹೆಸರಿಂದ ಎಂತ ಉಪಯೋಗ? ಒದ್ದೆ ಅನ್ನುದು ಗೊತ್ತಾದ್ರೆ ಅವನ ಕಣ್ಣು ಉಳೀತದೆ."

ಯಾರೂ ಕೇಳಲಿಲ್ಲ.

ಪ್ರಯಾಣಕ್ಕೆ ನಾಲ್ಕು ದಿನ ಉಳಿದಿತ್ತು. ಹೊಸ ಅಚ್ಚು ಆಗಷ್ಟೇ ಬಂದಿತ್ತು, ಒಂದು ಗುಂಡನ್ನೂ ಹೊಡೆದು ನೋಡಿರಲಿಲ್ಲ. ಬೆಳಗ್ಗೆ ಹತ್ತರ ಹೊತ್ತಿಗೆ ಅರ್ಬಾಬರ ಮಗ ಒಂದು ಪೆಟ್ಟಿಗೆ ಹಿಡಿದು ಒಳಬಂದ. ಹೊರದೇಶದಲ್ಲಿ ಆ ಕೋವಿಗೆಂದೇ ಮಾಡಿಸಿದ ತೋಟೆಗಳು. ತರಿಸಿದ ಕಾಗದಪತ್ರ ಸರಿಯಾಗಿಯೇ ಇತ್ತು. ಗುಂಡುಗಳು ಮಾತ್ರ ಸೂಜಿಯಂತೆ ಚೂಪು.

"ಖಲಾಸ್ ಉಸ್ತಾದ್. ನಿನ್ನ ಎರಕ ಸಾಕು. ಇದನ್ನು ಪರೀಕ್ಷೆ ಮಾಡಿದ್ದೇವೆ ಅಂತ ಬರೆದು ಸಹಿ ಹಾಕಿ. ಮಧ್ಯಾಹ್ನದೊಳಗೆ ಪೇಪರ್ ಹೋಗಬೇಕು" ಎಂದು ಹಿಂದಿಯಲ್ಲಿ ಹೇಳಿದ.

ಉಸ್ತಾದರು ಒಂದು ತೋಟೆಯನ್ನು ಎತ್ತಿ ತುದಿಯನ್ನು ಬೆರಳಿನಿಂದ ಮುಟ್ಟಿದರು. "ಇದು ಈ ಕೋವಿಗೆ ಆಗುವುದಿಲ್ಲ."

"ಅಳತೆ ಸರಿ ಇದೆ."

"ಅಳತೆ ಸರಿ ಇದೆ ಸಾಬ್. ಮೂತಿ ಸರಿ ಇಲ್ಲ." ಎರಡು ತೋಟೆಗಳನ್ನು ಮೇಜಿನ ಮೇಲೆ ಒಂದರ ಹಿಂದೊಂದು ಮಲಗಿಸಿದರು. ಹಿಂದಿನದರ ಚೂಪು ತುದಿ ಮುಂದಿನದರ ಬುಡದ ನಟ್ಟನಡುವಿಗೆ, ಕೋವಿಯ ಸೂಜಿ ಬಡಿದು ಕಿಡಿ ಹೊತ್ತಿಸುವ ಜಾಗಕ್ಕೇ, ತಾಗಿ ನಿಂತಿತು. "ಕೊಳವೆಯೊಳಗೆ ಹೀಗೆ ಇರುತ್ತವೆ. ಒಂದು ಗುಂಡು ಹೊಡೆದಾಗ ಕೋವಿ ಒದೆಯುತ್ತದೆ. ಆಗ ಈ ತುದಿ ಇಲ್ಲಿ ಬಡಿದರೆ ಕೊಳವೆಯೇ ಸಿಡಿಯುತ್ತದೆ. ಕೋವಿ ಹಿಡಿದವನ ಎಡಗೈ ಆ ಕೊಳವೆಯ ಅಡಿಯಲ್ಲೇ ಇರುತ್ತದೆ. ಅದಕ್ಕೇ ನಾನು ಚಪ್ಪಟೆ ಮೂತಿಯ ಗುಂಡು ಎರೆಯುವುದು."

"ಕೊಳವೆಗೆ ತುಂಬುವುದಿಲ್ಲ. ಒಂದೊಂದೇ ಹಾಕುತ್ತೇವೆ."

"ಪ್ರಾಣಿ ಎದುರು ಬಂದಾಗ ಯಾರೂ ಒಂದೊಂದೇ ಹಾಕುವುದಿಲ್ಲ ಸಾಬ್."

ಮಗನ ಮುಖ ಕೆಂಪೇರಿತು. ಅವನು ಕೆಟ್ಟವನಲ್ಲ, ತಂದೆಯ ಕೊನೆಯ ಆಸೆ ಕೈತಪ್ಪುತ್ತಿದೆ ಎಂಬ ಸಂಕಟ ಅವನಿಗೆ. ಇವತ್ತು ನನಗದು ಅರ್ಥವಾಗುತ್ತದೆ. ಅವತ್ತು ಅವನು ನನ್ನತ್ತ ತಿರುಗಿದಾಗ ನನಗೆ ಕಂಡದ್ದು ಬೇರೆಯೇ. ನನ್ನ ಹೆಂಡತಿಯ, ಮಗಳ ವೀಸಾ ನನ್ನ ವೀಸಾಕ್ಕೆ ಗಂಟುಬಿದ್ದಿತ್ತು. ದೋಹಾ ಅಲ್ ಜದೀದಾದ ಎರಡು ಕೋಣೆಯ ಮನೆ, ಮಗಳ ಶಾಲೆ, ಎಲ್ಲ.

"ನೀನು ಬರಿ" ಎಂದ ನನಗೆ. "ಇಲ್ಲದಿದ್ದರೆ ಇಬ್ಬರೂ ಊರಿಗೆ ಹೋಗಿ. ಇಲ್ಲಿ ಕೆಲಸ ಮಾಫಿ, ಇಲ್ಲವೇ ಇಲ್ಲ."

ನಾನು ಪುಸ್ತಕ ತೆರೆದೆ. ತಾರೀಕು ಬರೆದೆ. ಕೋವಿಯ ನಂಬರು ಬರೆದೆ. ಇದನ್ನು ಮುಚ್ಚಿಡುವುದಿಲ್ಲ: "ಪರೀಕ್ಷಿಸಲಾಗಿದೆ" ಎಂಬ ಮಾತಿನ ಮೊದಲ ಅಕ್ಷರಗಳೂ ಪುಟಕ್ಕೆ ಬಿದ್ದಿದ್ದವು. ಉಸ್ತಾದರು ಪುಸ್ತಕ ಕಿತ್ತುಕೊಳ್ಳಲಿಲ್ಲ. ಗದರಲಿಲ್ಲ. ಮೆಲ್ಲಗೆ ಕನ್ನಡದಲ್ಲಿ ಹೇಳಿದರು: "ಪೊರ್ಬುಗಳೇ, ನಿಮಗೆ ಸಂಸಾರ ಉಂಟು. ಬರ್ದ್ರೆ ನಾನು ಬೇಜಾರು ಮಾಡ್ಲಿಕ್ಕಿಲ್ಲ. ಆದ್ರೆ ಆ ಮುದುಕರ ಕೈ ಹೋದ್ರೆ ನಿಮಗೆ ಇನ್ನು ಪೆನ್ನು ಹಿಡೀಲಿಕ್ಕೆ ಆಗ್ತದಾ, ಅದೊಂದು ನೋಡಿ."

ನಾನು ಆ ಸಾಲಿನ ಮೇಲೆ ಗೆರೆ ಎಳೆದೆ. ಪೆನ್ನಿನ ಮುಚ್ಚಳ ಹಾಕಿ ಪುಸ್ತಕ ಮುಚ್ಚಿದೆ.

"ಖಲಾಸ್" ಎಂದ ಮಗ. "ಇಬ್ಬರೂ ಮನೆಗೆ ಹೋಗಿ. ಕರೆದರೆ ಮಾತ್ರ ಬನ್ನಿ." ಕೋವಿಯನ್ನೂ ಪೆಟ್ಟಿಗೆಯನ್ನೂ ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿ, ಪರೀಕ್ಷೆಯ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋದ.

ಎರಡು ದಿನ ಕರೆ ಬರಲಿಲ್ಲ. ಹೆಂಡತಿಗೆ ರಜೆ ಎಂದು ಸುಳ್ಳು ಹೇಳಿದೆ. ಎರಡನೆಯ ದಿನ ಮಧ್ಯಾಹ್ನ ತಡೆಯಲಾರದೆ ಉಸ್ತಾದರ ಕೋಣೆಗೆ ಹೋದೆ. ಸೂಟ್‌ಕೇಸಿಗೆ ಬಟ್ಟೆ ತುಂಬಿಟ್ಟು ಮಂಚದ ಅಂಚಿನಲ್ಲಿ ಕುಳಿತಿದ್ದರು. ಕೋಣೆಯ ಗೆಳೆಯರು ಬಡಿಸಿಟ್ಟ ಅನ್ನ ಹಾಗೆಯೇ ಇತ್ತು.

"ನಿಮಗೆ ಧೈರ್ಯ ಹೇಳ್ಬೇಕಿತ್ತು, ನನಗೇ ಇಲ್ಲ" ಎಂದರು. "ನಿನ್ನೆಯಿಂದ ಒಂದು ತುತ್ತು ಇಳೀಲಿಲ್ಲ ಮಾರಾಯ್ರೆ. ಮಗಳ ಮದುವೆಯ ಮಾತು ನಡೀತಾ ಉಂಟು. ಈಗ ಊರಿಗೆ ಹೋಗಿ ಎಂತ ಹೇಳುದು?"

ನಾನು ಅವರ ಪಕ್ಕ ಕುಳಿತೆ. ಸಂಜೆಯ ಅಸರ್ ನಮಾಜಿನ ಬಾಂಗ್ ಕೇಳಿದ ಮೇಲೆ ಅವರೆದ್ದು ಕೈಕಾಲು ತೊಳೆಯಲು ಹೋದರು.

ಮೂರನೆಯ ದಿನ ಬೆಳಗ್ಗೆ ಅರ್ಬಾಬರಿಂದಲೇ ಕರೆ. ಹೋಗಿ ನೋಡಿದರೆ ಅವರು ನನ್ನ ಕುರ್ಚಿಯಲ್ಲಿ ಕುಳಿತು, ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಪರೀಕ್ಷೆಯ ಪುಸ್ತಕದ ಹಾಳೆಗಳನ್ನು ಮಗುಚುತ್ತಿದ್ದರು. ಮಗ ಗೋಡೆಗೊರಗಿ ನಿಂತಿದ್ದ. ಅರ್ಬಾಬ್ ಸೀಳಿದ ಕಾಗದಗಳನ್ನು ಒಂದೊಂದಾಗಿ ನೋಡಿದರು. ಗೆರೆ ಎಳೆದ ಸಾಲಿಗೆ ಬಂದು ಬೆರಳಿಟ್ಟು ನನ್ನನ್ನು ನೋಡಿದರು.

"ಈ ಗೆರೆ ನೀನು ಎಳೆದದ್ದೋ?"

"ಹೌದು ಅರ್ಬಾಬ್."

"ಬರೆದದ್ದೂ ನೀನೇ?"

"ಹೌದು."

ಅವರು ಪುಸ್ತಕ ಮುಚ್ಚಿದರು. "ಇಷ್ಟು ಸಲ ಸೋತೆ ಅಂತ ಬರೆಸಿಟ್ಟವನು ಆಗುವುದಿಲ್ಲ ಅಂದರೆ ನಂಬಬೇಕು" ಎಂದು ಮಗನಿಗೆ ಅರಬಿಯಲ್ಲಿ ಹೇಳಿ, ಉಸ್ತಾದರನ್ನು ಕೇಳಿದರು: "ನಾಳೆಯೊಳಗೆ ನಿನ್ನ ಗುಂಡು ಆಗುತ್ತದೋ?"

ಹ್ಞೂಂ ಎನ್ನಲಿ ದೇವರೇ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಹ್ಞೂಂ ಅಂದಿದ್ದರೆ ಎಲ್ಲ ಸರಿಹೋಗುತ್ತಿತ್ತು.

"ಇಲ್ಲ ಅರ್ಬಾಬ್" ಎಂದರು ಉಸ್ತಾದರು. "ನಾಳೆಗೆ ಆಗುವುದಿಲ್ಲ."

ಅರ್ಬಾಬ್ ಎದ್ದು, ಕೆಲಸ ಮುಂದುವರಿಸಿ ಎಂದು ಪುಸ್ತಕವನ್ನು ನನ್ನ ಕೈಗಿಟ್ಟರು. ಮರುದಿನ ಬೇರೊಂದು ಕೋವಿ ಹಿಡಿದು ಬೇಟೆಗೆ ಹೋದರು. ಅಲ್ಲಿ ಅವರಿಗೆ ಏನೂ ಸಿಗಲಿಲ್ಲವಂತೆ.

ಚಳಿಗಾಲ ಹೊಕ್ಕ ಮೇಲೆ ಎರಕ ಕೂಡಿಬಂತು. ಐದು ಗುಂಡುಗಳು ಒಂದು ಅಂಗೈ ಅಗಲದಲ್ಲಿ ದುಂಡಗೆ ತೂತು ಕೊರೆದವು. ನಳಿಗೆ ಕನ್ನಡಿಯಂತೆ ಶುಭ್ರ. ಅರ್ಬಾಬ್ ಮೈದಾನಕ್ಕೆ ಬಂದು, ಕೊಳವೆ ತುಂಬಾ ತೋಟೆ ತುಂಬಿ, ಒಂದೊಂದಾಗಿ ಎಲ್ಲವನ್ನೂ ಹೊಡೆದರು. ಮುಗಿದ ಮೇಲೆ ಕೋವಿಯನ್ನು ಮಗನ ಕೈಗೆ ಕೊಟ್ಟು ಉಸ್ತಾದರ ಹಣೆಗೆ ಮುತ್ತಿಟ್ಟರು. ಮತ್ತೆ ಬೇಟೆಗೆ ಹೋಗಲು ವೈದ್ಯರು ಅವರಿಗೆ ಅನುಮತಿ ಕೊಡಲಿಲ್ಲ. ಆ ಕೋವಿ ಆಫ್ರಿಕಾ ನೋಡಲೇ ಇಲ್ಲ.

ಮಗಳ ಮದುವೆಯಾದ ಮರುವರ್ಷ ಉಸ್ತಾದರು ಕೆಲಸ ಬಿಟ್ಟು ಊರು ಸೇರಿದರು. ನಾನು ಈಗ ಅಲ್ ಖೋರ್‌ನಲ್ಲಿದ್ದೇನೆ. ಕಂಪನಿ ಬಸ್ಸಿನಲ್ಲಿ ಸೈಟಿಗೆ ಹೋಗಿ ಕ್ರೇನುಗಳ ತಪಾಸಣೆಯ ದಾಖಲೆ ಬರೆಯುತ್ತೇನೆ. "ಸಹಿ ಹಾಕಿ, ಯಲ್ಲಾ" ಎಂದು ಅವಸರಿಸುವವರು ಇಲ್ಲೂ ಇದ್ದಾರೆ. ನೋಡದೆ ಸಹಿ ಹಾಕಿಲ್ಲ. ಅದಕ್ಕಾಗಿ ಒಂದು ಬಡ್ತಿ ಹೋಯಿತು. ಹೋಗಲಿ.

ಕಳೆದ ವರ್ಷ ಉಸ್ತಾದರ ಮಗಳು ಫೋನು ಮಾಡಿದಳು. ಉಪ್ಪ ತೀರಿಕೊಂಡರು ಅಂಕಲ್, ಬೆಳಗಿನ ಸುಬಹಿ ನಮಾಜಿಗೆ ಎದ್ದವರು ಹಾಗೇ ಕುಸಿದರು ಎಂದಳು. ಸ್ವಲ್ಪ ಅತ್ತು ಆಮೇಲೆ ಕೇಳಿದಳು: "ಉಪ್ಪ ಅಲ್ಲಿ ಎಂತ ಕೆಲಸ ಮಾಡ್ತಿದ್ರು ಅಂಕಲ್? ನಮಗೆ ಯಾವತ್ತೂ ಸರಿ ಹೇಳಿದ್ದೇ ಇಲ್ಲ."

ಅವರು ಜೀವಮಾನವಿಡೀ ಹೇಳದೇ ಇದ್ದದ್ದನ್ನು ನಾನು ಹೇಳಬಹುದೇ ಎಂದು ಒಂದು ಕ್ಷಣ ಹಿಂಜರಿದೆ. ಆದರೆ ಅರ್ಧ ಕೇಳಿ ಓಡುವವಳಲ್ಲ ಅವಳು. ಇಲ್ಲಿ ಬರೆದದ್ದನ್ನೆಲ್ಲ, ನನ್ನ ತಪ್ಪುಗಳನ್ನೂ ಸೇರಿಸಿ, ಅವಳಿಗೆ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ಅಷ್ಟು ದೊಡ್ಡವರ ಎದುರು ಆಗುದಿಲ್ಲ ಅಂತ ಹೇಳ್ವಾಗ ಉಪ್ಪನಿಗೆ ಹೆದರಿಕೆ ಆಗ್ಲಿಲ್ವಾ ಅಂಕಲ್?"

"ತುಂಬ ಹೆದರಿದ್ರು ಮಗಳೇ" ಎಂದೆ. "ಹೆದರಿಕೊಂಡೇ ಹೇಳಿದ್ರು."