ಮೂರನೇ ಪೀರಿಯಡ್

'ವೇಳಾಪಟ್ಟಿ' ಎಂಬ ಮಾತನ್ನು ನಾನು ವರ್ಷಕ್ಕೊಮ್ಮೆ ಬರೆಯುತ್ತೇನೆ, ಬಾಯಲ್ಲಿ ಆಡಿದ್ದು ನೆನಪಿಲ್ಲ. ಹಾಳೆಯ ತಲೆಯ ಮೇಲೆ ದಪ್ಪಕ್ಷರದಲ್ಲಿ ಅದನ್ನು ಬರೆದು ಸ್ಟಾಫ್ ರೂಮಿನಲ್ಲಿ ಅಂಟಿಸಿದರೆ, 'ಟೈಂಟೇಬಲ್ ಬಂತು' ಎಂದು ಎಲ್ಲರೂ ಮುತ್ತಿಕೊಳ್ಳುತ್ತಾರೆ. ಶಿಡ್ಲಘಟ್ಟದಲ್ಲಿ ಈ ಮಾತು ಶಾಲೆಗಷ್ಟೇ ಸೇರಿದ್ದಲ್ಲ. ರೇಷ್ಮೆ ಹುಳ ಸಾಕುವ ಮನೆಯವರನ್ನು ಮದುವೆಗೆ ಕರೆದು ನೋಡಿ. 'ಸೊಪ್ಪು ಹಾಕೋ ಟೈಂಟೇಬಲ್ ತಪ್ಪಂಗಿಲ್ಲ ಸಾರ್' ಎಂದು ಅಕ್ಷತೆ ಹಾಕಿದವರೇ ಊಟಕ್ಕೂ ನಿಲ್ಲದೆ ಹೊರಡುತ್ತಾರೆ.

ನಮ್ಮ ಹೈಸ್ಕೂಲಿನ ಟೈಂಟೇಬಲ್ ಹಾಕುವ ಕೆಲಸವನ್ನು ಗಣಿತದ ಮೇಷ್ಟರಾದ ನನ್ನ ತಲೆಗೆ ಕಟ್ಟಿ ಎಷ್ಟೋ ವರ್ಷವಾಯಿತು. ಬೈಗುಳ ಬಿಟ್ಟರೆ ಬೇರೇನೂ ಸಿಗದ ಕೆಲಸ. ಆದರೂ ನಾನದನ್ನು ಬಿಡಲಿಲ್ಲ, ಅದಕ್ಕೆ ಕಾರಣ ನನ್ನ ಹೆಂಡತಿ. ಅವಳು ಮುರುಗಮಲ್ಲದ ಕಡೆಯ ಶಾಲೆಯೊಂದರಲ್ಲಿ ಟೀಚರ್, ಅಲ್ಲಿ ಟೈಂಟೇಬಲ್ ಹಾಕುತ್ತಿದ್ದವಳು ಅವಳೇ. ಬೆಳಗ್ಗೆ ಚಿಂತಾಮಣಿ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಮನೆಯಲ್ಲಿ ನಮಗೆ ಮಾತಿಗೆ ಪುರುಸೊತ್ತಿರಲಿಲ್ಲ. ಅದಕ್ಕೇ ಇಬ್ಬರೂ ಸೇರಿ ಒಂದು ಕಳ್ಳಾಟ ಹೂಡಿದ್ದೆವು. ಎರಡು ಶಾಲೆಯಲ್ಲೂ ಮೂರನೇ ಪೀರಿಯಡ್ ನಮಗೆ ಲೀಜರ್, ಅಂದರೆ ಪಾಠವಿಲ್ಲದ ಬಿಡುವು. ಬೆಲ್ ಹೊಡೆದ ಕೂಡಲೇ ನಾನು ಅಂಗಳದ ಹೊಂಗೆ ಮರದ ಕೆಳಗೆ ಹೋಗುತ್ತಿದ್ದೆ, ಅವಳ ಫೋನ್ ಬರುತ್ತಿತ್ತು.

'ಏನ್ರೀ, ಮಾತ್ರೆ ನುಂಗಿದ್ರಾ, ಇಲ್ಲ ಅಲ್ಲೇ ಇಟ್ಟು ಹೋದ್ರಾ?'

ಇಂಥವೇ ಮಾತು. ಒಂದೊಂದು ದಿನ ಜಗಳವೂ ಆಗುತ್ತಿತ್ತು.

ಎರಡು ವರ್ಷದ ಹಿಂದೆ ಅವಳು ತೀರಿಕೊಂಡಳು. ಜೂನ್ ತಿಂಗಳಲ್ಲಿ ಹೊಸ ಹಾಳೆಗೆ ಗೆರೆ ಎಳೆದಾಗ, ನನ್ನ ಹೆಸರಿನ ಮುಂದೆ ಮೂರನೇ ಪೀರಿಯಡ್ಡನ್ನು ಮತ್ತೆ ಖಾಲಿಯೇ ಬಿಟ್ಟೆ. ಅದೇ ಮರದ ಕೆಳಗೆ ಫೋನನ್ನು ಕಿವಿಗಿಟ್ಟುಕೊಂಡು ಸುಮ್ಮನೆ ನಿಲ್ಲುತ್ತಿದ್ದೆ. ಕಿವಿಯಲ್ಲಿ ಫೋನಿದ್ದರೆ ಯಾರೂ ಹತ್ತಿರ ಬಂದು ಸಮಾಧಾನ ಹೇಳುವುದಿಲ್ಲ. ಹುಚ್ಚು ಅನ್ನಿ ಬೇಕಾದರೆ. ಆ ಹೊತ್ತನ್ನು ಬೇರೆ ಕೆಲಸಕ್ಕೆ ಕೊಟ್ಟುಬಿಟ್ಟರೆ ಅವಳನ್ನು ನಾನೇ ಹೊರಗೆ ಕಳಿಸಿದಂತೆ ಎಂದು ಸಂಕಟವಾಗುತ್ತಿತ್ತು.

ಈ ವರ್ಷ ವಿಜ್ಞಾನಕ್ಕೆ ಹೊಸ ಟೀಚರ್ ಬಂದರು. ಊರಿನದೇ ಒಂದು ಮುಸ್ಲಿಂ ಮನೆಯ ಸೊಸೆ, ಕೈಗೂಸಿನ ತಾಯಿ. ಒಂದು ದಿನ ನನ್ನ ಮೇಜಿನ ಹತ್ತಿರ ಬಂದು ನಿಂತರು.

'ಸರ್, ಥರ್ಡ್ ಪೀರಿಯಡ್ ನಂಗೆ ಲೀಜರ್ ಕೊಡಕ್ಕಾಗುತ್ತಾ? ಅತ್ತೆ ಮಗೂನ ಎತ್ಕೊಂಡು ಬರ್ತಾರೆ. ಬಾಟಲ್ ಬಾಯಿಗೇ ಸೇರಿಸಲ್ಲ ಸರ್ ಅವನು. ಅಷ್ಟೊತ್ತಿಗೆ ಹಸಿದು ಅಳ್ತಾನೇ ಇರ್ತಾನಂತೆ.'

ನಾನು ಗೋಡೆಯ ಮೇಲಿನ ಹಾಳೆಯತ್ತ ತಿರುಗಿದೆ. ಆ ಪೀರಿಯಡ್ಡಿನಲ್ಲಿ ಹತ್ತನೇ ತರಗತಿಗೆ ಒಂದೋ ಅವರು ಹೋಗಬೇಕು, ಇಲ್ಲವೇ ನಾನು. ಮಿಕ್ಕವರೆಲ್ಲರಿಗೂ ಬೇರೆ ಕ್ಲಾಸು.

ಅವರೇ ನಾಲಿಗೆ ಕಚ್ಚಿಕೊಂಡರು. 'ಅಯ್ಯೋ, ಆವಾಗ ನೀವು ಮನೆಗೆ ಫೋನ್ ಮಾಡ್ತೀರಲ್ವಾ? ದಿನಾ ನೋಡ್ತೀನಿ. ಬೇಡ ಬಿಡಿ ಸರ್, ಮೇಡಂ ಕಾಯ್ತಿರ್ತಾರೆ.'

ಆಕೆಗೆ ಯಾರೂ ಹೇಳಿರಲಿಲ್ಲ. ಸ್ಟಾಫ್ ರೂಮಿನಲ್ಲಿದ್ದವರೆಲ್ಲ ತಲೆ ತಗ್ಗಿಸಿದರು.

'ಮನೇಲಿ ಯಾರೂ ಇಲ್ಲಮ್ಮ,' ಎಂದೆ. ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. 'ನೀವೇ ತಗೊಳ್ಳಿ.'

ಹಳೆಯ ಹಾಳೆ ಕಿತ್ತು ಹೊಸದನ್ನು ಅಂಟಿಸಿದೆ. ಈಗ ಮೂರನೇ ಪೀರಿಯಡ್ಡಿಗೆ ಆ ತಾಯಿ ಮಗುವಿನೊಂದಿಗೆ ಲ್ಯಾಬಿನ ಬಾಗಿಲು ಹಾಕಿಕೊಳ್ಳುತ್ತಾರೆ. ಪಕ್ಕದ ಹತ್ತನೇ ತರಗತಿಯಲ್ಲಿ ಲೆಕ್ಕ ಬಿಡಿಸುವ ನನಗೆ ಅಳು ನಿಂತದ್ದು ಗೊತ್ತಾಗುತ್ತದೆ, ಹಾಯೆನಿಸುತ್ತದೆ.

ಬದಲಿಗೆ ನನಗೆ ಸಿಕ್ಕ ಬಿಡುವು ದಿನದ ಕೊನೆಯ ಪೀರಿಯಡ್. ಎಲ್ಲರೂ ಆಸೆಪಡುವಂಥದ್ದು. 'ಪುಣ್ಯವಂತರು ಸರ್, ಬೇಗ ಮನೆ ಸೇರ್ಕೋಬೋದು,' ಎಂದರು ಡ್ರಿಲ್ ಮೇಷ್ಟ್ರು. ಅವರಿಗೂ ಗೊತ್ತು, ಬಾಯಿ ತಪ್ಪಿ ಬಂದ ಮಾತು. ಹೌದೌದು ಎಂದೆ. ದಿನವೂ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಕೊನೆಯ ಬೆಲ್ ಹೊಡೆಯುವವರೆಗೆ ಸ್ಟಾಫ್ ರೂಮಿನಲ್ಲೇ ಕೂತಿರುತ್ತೇನೆ.